ಮೈಕ್ರೋಸ್ಕೋಪ್ ಇರುವಾಗ ಚಿಪ್ ಒಳಗೇ ಲೆನ್ಸ್ ಯಾಕೆ?

ಪ್ರಶ್ನೆ: ಮೈಕ್ರೋಫ್ಲೂಯಿಡಿಕ್ ಚಿಪ್ಪನ್ನು (ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿ ದ್ರವ ಹರಿಯುವ ಪುಟ್ಟ ತುಣುಕು) ಹೇಗೂ ಮೈಕ್ರೋಸ್ಕೋಪ್ ಕೆಳಗಿಟ್ಟೇ ನೋಡುತ್ತೇವೆ. ಮತ್ತೆ ಚಿಪ್ ಒಳಗೊಂದು ಪುಟ್ಟ ಲೆನ್ಸ್ ಕೂರಿಸುವ ಕಷ್ಟ ಯಾಕೆ?

ಉತ್ತರ: ಹೊಳೆಯುವ ಬಣ್ಣ ಹಚ್ಚಿದ ಒಂದು ಜೀವಕೋಶ ಕಾಲುವೆಯಲ್ಲಿ ಹರಿದು ಹೋಗುತ್ತಿದೆ ಅಂದುಕೊಳ್ಳಿ. ಅದರ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಮೈಕ್ರೋಸ್ಕೋಪಿನ ಸಾಮಾನ್ಯ 10 ಎಕ್ಸ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ) ಲೆನ್ಸಿಗೆ ಅದರಲ್ಲಿ ಸಿಗುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಉಳಿದದ್ದು ಸುಮ್ನೆ ಹೋಯಿತು. ಅದೇ 200 ಮೈಕ್ರಾನ್ (ಮಿಲಿಮೀಟರಿನ ಐದರಲ್ಲೊಂದು ಪಾಲು) ಅಗಲದ ದುಂಡು ಲೆನ್ಸನ್ನು ಕೋಶದಿಂದ 150 ಮೈಕ್ರಾನ್ ದೂರದಲ್ಲಿಟ್ಟರೆ, ಬರೀ ಕೋನದ ಲೆಕ್ಕದಲ್ಲೇ ನೂರಕ್ಕೆ ಎಂಟು ಪಾಲು ಅದರ ಮೇಲೆ ಬೀಳುತ್ತದೆ. ಲೆನ್ಸ್ ಚಿಕ್ಕದೇ, ಆದರೆ ಅಷ್ಟು ಹತ್ತಿರ ಇದೆಯಲ್ಲ!

ಮಾಡುವ ವಿಧಾನ ನನಗಂತೂ ತುಂಬಾ ಇಷ್ಟ. ಫೋಟೋರೆಸಿಸ್ಟ್ ಅನ್ನುವ, ಬೆಳಕು ಬಿದ್ದರೆ ಗುಣ ಬದಲಾಗುವ ಪ್ಲಾಸ್ಟಿಕ್‌ನಂಥ ವಸ್ತುವಿನ ಪುಟ್ಟ ಕಂಬಗಳನ್ನು ನಿಲ್ಲಿಸಿ ಬಿಸಿ ಮಾಡುತ್ತಾರೆ. ಅವು ಕರಗಿ, ಎಲೆ ಮೇಲಿನ ನೀರಹನಿಯ ಹಾಗೆ ತಾವೇ ಗುಮ್ಮಟವಾಗುತ್ತವೆ. ಆ ಗುಮ್ಮಟದಿಂದ ಅಚ್ಚು ತೆಗೆದು ಲೆನ್ಸ್ ಎರಕ ಹೊಯ್ಯುತ್ತಾರೆ.

ಇನ್ನೊಂದು ದಾರಿ ಇದೆ: ಕಾಲುವೆ ಬರೆಯುವ ಮಾಸ್ಕ್‌ನಲ್ಲೇ (ಚಿಪ್ಪಿನ ಅಚ್ಚಿಗೆ ಬೆಳಕಿನಿಂದ ಆಕಾರ ಮೂಡಿಸುವ ನಕ್ಷೆ ಹಾಳೆ) ಲೆನ್ಸನ್ನೂ ಬರೆದುಬಿಡುವುದು. ಚಿಪ್ ಮಾಡುವ ಪಿಡಿಎಂಎಸ್ ಅನ್ನುವ ಪಾರದರ್ಶಕ ಸಿಲಿಕೋನ್ ರಬ್ಬರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) ಸುಮಾರು 1.41, ನೀರಿನದು 1.33. ವ್ಯತ್ಯಾಸ ಕಡಿಮೆ, ಹಾಗಾಗಿ ಬೆಳಕು ಬಾಗುವುದೂ ಕಡಿಮೆ. ಅದಕ್ಕೇ ಲೆನ್ಸಿನ ಜಾಗದಲ್ಲಿ ಗಾಳಿ ತುಂಬಿದ ಪೊಳ್ಳು ಬಿಡುತ್ತಾರೆ. ಗಾಳಿಯ ಸೂಚ್ಯಂಕ ಸುತ್ತಲಿನ ರಬ್ಬರಿಗಿಂತ ಕಡಿಮೆ ಅಲ್ವಾ, ಆಕಾರ ತಿರುಗುಮುರುಗು ಆಗಬೇಕು. ಭೂತಗನ್ನಡಿ ನಡುವೆ ದಪ್ಪ; ಈ ಪೊಳ್ಳು ನಡುವೆ ತೆಳ್ಳಗೆ, ಅಂಚಲ್ಲಿ ದಪ್ಪ. ಆಗಲೇ ಬೆಳಕು ಒಂದೆಡೆ ಸೇರುತ್ತದೆ.

ನಾನು ಬೆಳಕಿಗಿಂತ ದೊಡ್ಡ ಲಾಭ ಅನ್ನುವುದು ಅಲೈನ್‌ಮೆಂಟನ್ನು, ಅಂದರೆ ಭಾಗಗಳೆಲ್ಲ ಒಂದಕ್ಕೊಂದು ನೇರವಾಗಿ ಕೂರುವುದನ್ನು. ಕಾಲುವೆ, ಲೆನ್ಸ್, ಬೆಳಕು ಸಾಗಿಸುವ ಫೈಬರ್ ಎಳೆ ಕೂರುವ ತೋಡು ಮೂರೂ ಒಂದೇ ಮಾಸ್ಕ್‌ನಿಂದ ಬಂದರೆ, ಪ್ರತಿ ಚಿಪ್ಪಿಗೂ ತಿರುಪು ತಿರುಗಿಸುತ್ತಾ ಫೋಕಸ್ ಹುಡುಕುವ ಕೆಲಸ ಬಹಳಷ್ಟು ತಪ್ಪುತ್ತದೆ.

ಆದರೆ ಹೀಗೆ ಮಾಸ್ಕ್‌ನಲ್ಲಿ ಬರೆದ ಲೆನ್ಸ್ ಸಿಲಿಂಡರ್ ಆಕಾರದ್ದು. ಅಕ್ಕಪಕ್ಕಕ್ಕೆ ಹರಡುವ ಬೆಳಕನ್ನಷ್ಟೇ ಸೇರಿಸುತ್ತದೆ. ಮೇಲೆ ಕೆಳಗೆ ಹರಡಿದ್ದನ್ನು ಹಾಗೇ ಬಿಡುತ್ತದೆ. ಅದರ ಗೋಡೆ ತರಿತರಿಯಾಗಿದ್ದರೆ ಬೆಳಕು ಚದುರಿ ಹಿನ್ನೆಲೆ ಮಬ್ಬಾಗುತ್ತದೆ. ಒಳ್ಳೆಯ ಫಿಲ್ಟರ್ ಇಲ್ಲದಿದ್ದರೆ ಕೋಶದ ಬಣ್ಣ ಹೊಳೆಯಲೆಂದು ಹಾಯಿಸುವ ಲೇಸರಿನ ಬೆಳಕನ್ನೂ ಜೊತೆಗೇ ಡಿಟೆಕ್ಟರಿಗೆ ತಂದು ಹಾಕುತ್ತದೆ. ಹಾಗಾಗಿ ಲೆನ್ಸ್ ಹಾಕಿದ ಮೇಲೆ ಸಿಗ್ನಲ್ ಎಷ್ಟು ಏರಿತು ಅಂತ ಮಾತ್ರ ನೋಡಬೇಡಿ. ಬರೀ ನೀರು ಹರಿಸಿ, ಹಿನ್ನೆಲೆ ಎಷ್ಟು ಏರಿತು ಅಂತಲೂ ಅಳೆಯಿರಿ.