ಲೀಸಾ ಆಡಿದ ಮಾತು, ಅಪು ಆಡದ ಮಾತು

2018ರ ಏಪ್ರಿಲ್ 8ರಂದು ಅಮೆರಿಕದ ಟೀವಿಯಲ್ಲಿ 'ದಿ ಸಿಂಪ್ಸನ್ಸ್' ಕಾರ್ಟೂನಿನ ಒಂದು ಕಂತು ಬಂತು. ಹೆಸರು 'ನೋ ಗುಡ್ ರೀಡ್ ಗೋಸ್ ಅನ್‌ಪನಿಶ್ಡ್'. ಅದರಲ್ಲಿ ಅಮ್ಮ ಮಾರ್ಜ್ ತಾನು ಚಿಕ್ಕಂದಿನಲ್ಲಿ ಮೆಚ್ಚಿದ್ದ ಪುಸ್ತಕವನ್ನು ಮಗಳು ಲೀಸಾಗೆ ಓದಿ ಹೇಳಲು ಹೊರಡುತ್ತಾಳೆ. ತೆರೆದರೆ ಬೇರೆ ಜನರನ್ನು ಹೀಗಳೆಯುವ ಮಾತೇ ಜಾಸ್ತಿ. ಎಲ್ಲ ತಿದ್ದಿ ಓದಿದರೆ ಕತೆಯಲ್ಲಿ ಉಪ್ಪೂ ಇಲ್ಲ, ಖಾರವೂ ಇಲ್ಲ. ಆಗ ಲೀಸಾ ನಮ್ಮ ಕಡೆ ತಿರುಗುತ್ತಾಳೆ. ದಶಕಗಳ ಹಿಂದೆ ಜನ ಚಪ್ಪಾಳೆ ಹೊಡೆದದ್ದು ಈಗ ತಪ್ಪು ಅಂದರೆ ಏನು ಮಾಡೋದು ಅನ್ನುತ್ತಾಳೆ. ಪಕ್ಕದಲ್ಲೇ ಅದೇ ಕಾರ್ಟೂನಿನ ಭಾರತೀಯ ಅಂಗಡಿಯವ ಅಪುವಿನ ಫೋಟೋ. ಅದರ ಮೇಲೆ 'ಡೋಂಟ್ ಹ್ಯಾವ್ ಎ ಕೌ' ಎಂಬ ಬರಹ. ಸುಮ್ನೆ ರೇಗಬೇಡಿ ಅಂತ ಅರ್ಥ. ಹಿಂದೂ ಪಾತ್ರದ ಫೋಟೋ ಮೇಲೆ ಹಸು ಬೇರೆ!

ಈ ದೃಶ್ಯ ನೋಡಿ ಬಹಳ ಜನ ಸಿಟ್ಟಾದರು. ಇಷ್ಟಕ್ಕೇ ಅಷ್ಟೊಂದು ಗಲಾಟೆ ಯಾಕಾಯಿತು?

1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾಯಿತು. ನಮ್ಮ ಡಾಕ್ಟರು, ಎಂಜಿನಿಯರುಗಳು ಹೋದರು, ಹಿಂದೆಯೇ ನೆಂಟರು ಹೋಗಿ ಮೋಟೆಲು, ಅಂಗಡಿ ಇಟ್ಟರು, ಮಕ್ಕಳು ಅಲ್ಲೇ ಹುಟ್ಟಿದರು. 1990ರಲ್ಲಿ ಅಪು ಟೀವಿಗೆ ಬಂದಾಗ ಆ ಮಕ್ಕಳು ಶಾಲೆಯಲ್ಲಿದ್ದರು.

ಅಪು 'ಕ್ವಿಕ್-ಇ-ಮಾರ್ಟ್' ಅಂಗಡಿಯವನು. ಹೆಸರು ಸತ್ಯಜಿತ್ ರಾಯ್ ಅವರ ಸಿನಿಮಾಗಳಿಂದ ಬಂದದ್ದು. ಅಡ್ಡಹೆಸರು ನಹಸಪೀಮಪೆಟಿಲಾನ್. ಅದು ಯಾವ ಊರಿನದು ಅಂತ ಮಾತ್ರ ಕೇಳಬೇಡಿ. ದನಿ ಕೊಟ್ಟವರು ಬಿಳಿಯ ನಟ ಹ್ಯಾಂಕ್ ಅಜಾರಿಯಾ. ಆ ದನಿಗೆ 1998ರಲ್ಲಿ ಅಮೆರಿಕದ ಟೀವಿ ಪ್ರಶಸ್ತಿಯಾದ ಎಮ್ಮಿಯೂ ಬಂತು.

ನಿಜ ಹೇಳಬೇಕೆಂದರೆ ಅಪು ದಡ್ಡನಲ್ಲ. ಕಂಪ್ಯೂಟರ್ ಸೈನ್ಸಿನಲ್ಲಿ ಪಿಎಚ್.ಡಿ ಮಾಡಿದವನು. 1996ರ ಕಂತೊಂದರಲ್ಲಿ ಊರೇ ವಲಸಿಗರ ಮೇಲೆ ಬಿದ್ದಾಗ ಪರೀಕ್ಷೆ ಬರೆದು ಪೌರತ್ವ ಗಿಟ್ಟಿಸುತ್ತಾನೆ. ನನಗೆ ಜಾಸ್ತಿ ನೆನಪಿರುವುದು 1995ರ ಕಂತು. ಲೀಸಾ ಮಾಂಸ ಬಿಟ್ಟಿದ್ದಾಳೆ, ಮನೆಯಲ್ಲಿ ಎಲ್ಲರ ಜತೆ ಜಗಳ. ಅಪು ಅಂಗಡಿಯೊಳಗಿನ ಗುಪ್ತ ಮೆಟ್ಟಿಲಿನಿಂದ ಅವಳನ್ನು ತಾರಸಿಗೆ ಕರೆದೊಯ್ಯುತ್ತಾನೆ. ಅಲ್ಲಿ ತೋಟ, ತೋಟದಲ್ಲಿ ಬೀಟಲ್ಸ್ ತಂಡದ ಹಾಡುಗಾರ ಪಾಲ್ ಮೆಕಾರ್ಟ್ನಿ ಮತ್ತು ಅವರ ಹೆಂಡತಿ ಲಿಂಡಾ, ಇಬ್ಬರೂ ಮಾಂಸ ಬಿಟ್ಟವರು. ಅಪು ಹಾಲು, ಚೀಸ್ ಕೂಡ ಮುಟ್ಟದವನು. ಆದರೂ ನಮ್ಮ ನಂಬಿಕೆಯನ್ನು ಬೇರೆಯವರ ಮೇಲೆ ಹೇರಬಾರದು ಅಂತ ಅವಳಿಗೆ ತಿಳಿಸಿ ಹೇಳುತ್ತಾನೆ. ಲೀಸಾ ಮನೆಗೆ ಹೋಗಿ ಅಪ್ಪನ ಜತೆ ರಾಜಿಯಾಗುತ್ತಾಳೆ.

ತೊಂದರೆ ಇದ್ದದ್ದು ಬೇರೆ ಕಡೆ. ಅಮೆರಿಕದ ಟೀವಿಯಲ್ಲಿ ಭಾರತೀಯ ಅಂತ ಎಲ್ಲರಿಗೂ ಗೊತ್ತಿದ್ದವನು ಬಹುಕಾಲ ಇವನೊಬ್ಬನೇ. ಹತ್ತು ಜನರಿದ್ದಿದ್ದರೆ ಒಬ್ಬ ನಗಿಸುವವನು ಯಾರಿಗೂ ಭಾರವಾಗುತ್ತಿರಲಿಲ್ಲ, ಅಲ್ವಾ? ಅಲ್ಲಿ ಹುಟ್ಟಿದ ಆ ಮಕ್ಕಳಿಗೆ ಮನೆಯಲ್ಲಿ ಕನ್ನಡವೋ ಗುಜರಾತಿಯೋ, ಶಾಲೆಗೆ ಕಾಲಿಟ್ಟರೆ ಅಪು ಗಿರಾಕಿಗಳಿಗೆ ಹೇಳುವ 'ಥ್ಯಾಂಕ್ಯೂ, ಕಮ್ ಅಗೇನ್' ಅನ್ನುವ ಅಣಕ. ಬೆಂಗಳೂರಿನ ಸೋಫಾ ಮೇಲೆ ಕೂತು ನೋಡಿದ ನಮಗೆ ಆ ಉರಿ ತಟ್ಟಲಿಲ್ಲ. ನಾವು ನಕ್ಕು ಚಾನೆಲ್ ಬದಲಿಸಿದೆವು.

ನ್ಯೂಯಾರ್ಕಿನಲ್ಲಿ ತೆಲುಗು ಮನೆಯಲ್ಲಿ ಬೆಳೆದ ಹಾಸ್ಯಗಾರ ಹರಿ ಕೊಂಡಬೋಲು ಈ ಅಣಕದ ಬಗ್ಗೆಯೇ 2017ರಲ್ಲಿ 'ದಿ ಪ್ರಾಬ್ಲಂ ವಿತ್ ಅಪು' ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಭಾರತೀಯ ಮೂಲದ ನಟನಟಿಯರು ತಮ್ಮ ಶಾಲೆಯ ದಿನಗಳ ಬಗ್ಗೆ ಹೇಳಿಕೊಂಡರು. ಅದಕ್ಕೆ ಸಿಕ್ಕ ಉತ್ತರವೇ ಆ ಫೋಟೋ ದೃಶ್ಯ. ಬೇರೆ ಯಾವ ಪಾತ್ರ ಹೇಳಿದ್ದರೂ ತಮಾಷೆ ಅಂತ ದಾಟಿ ಹೋಗಬಹುದಿತ್ತು. ಇಡೀ ಊರಿನ ಅನ್ಯಾಯಕ್ಕೆ ದನಿ ಎತ್ತುವ ಹುಡುಗಿಯ ಬಾಯಲ್ಲಿ, ಅದೂ ತಾರಸಿಯಲ್ಲಿ ಅಪುವಿನಿಂದಲೇ ಪಾಠ ಕೇಳಿದವಳ ಬಾಯಲ್ಲಿ, ಆ ಮಾತು ಆಡಿಸಿದರು.

ಮುಂದಿನದ್ದು ಬೇಗ ಬೇಗ ನಡೆಯಿತು. 2018ರ ಅದೇ ಏಪ್ರಿಲ್‌ನಲ್ಲಿ ಅಜಾರಿಯಾ ತಾವು ಪಾತ್ರ ಬಿಡಲು ಸಿದ್ಧ ಅಂದರು, 2020ರಲ್ಲಿ ಬಿಟ್ಟೇಬಿಟ್ಟರು, 2021ರಲ್ಲಿ ಕ್ಷಮೆಯನ್ನೂ ಕೇಳಿದರು. ಬಿಳಿಯರಲ್ಲದ ಪಾತ್ರಗಳಿಗೆ ಬಿಳಿಯ ನಟರು ದನಿ ಕೊಡುವುದಿಲ್ಲ ಅಂತ 2020ರ ಜೂನಿನಲ್ಲಿ ತಯಾರಕರೇ ಹೇಳಿದರು. ಕಪ್ಪು ಪಾತ್ರಗಳಾದ ಕಾರ್ಲ್ ಮತ್ತು ಡಾಕ್ಟರ್ ಹಿಬರ್ಟ್‌ಗೆ ಕಪ್ಪು ನಟರ ದನಿ ಬಂತು.

ಅಪುವಿನ ಸರದಿ ಮಾತ್ರ ಬರಲಿಲ್ಲ. ಊರವರೆಲ್ಲ ಸೇರುವ ದೃಶ್ಯಗಳಲ್ಲಿ ಗುಂಪಿನ ನಡುವೆ ಅವನ ಮುಖ ಕಾಣಿಸುತ್ತದೆ, ಅದೇ ಹಸಿರು ಅಂಗಿಯಲ್ಲಿ. ಬಾಯಿ ಮಾತ್ರ ತೆರೆಯುವುದಿಲ್ಲ.