ಪದ ಪರಿಚಯ: ಮೌಂಟ್

‘ಸರ್ವರ್‌ಗೆ ಹೊಸ ಡಿಸ್ಕ್ ಮೌಂಟ್ ಮಾಡಿ ಆಯ್ತು, ಆದರೂ ಜಾಗ ಜಾಸ್ತಿ ಆಗಿಲ್ಲ, ಯಾಕೆ?’ ಈ ಪ್ರಶ್ನೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಸ್ವಲ್ಪ ಕೆದಕಿದರೆ ಗೊತ್ತಾಗುತ್ತದೆ, ಮೌಂಟ್ ಆಗಿರುವುದೇ ಇಲ್ಲ. ಡಿಸ್ಕನ್ನು ಟ್ರೇಗೆ ಸ್ಕ್ರೂ ಬಿಗಿದು ಸ್ಲಾಟ್‌ಗೆ ತಳ್ಳಿರುತ್ತಾರೆ, ಅಷ್ಟೇ. ಕ್ಲೌಡ್ ಆದರೆ ಅಟ್ಯಾಚ್ ಅನ್ನುವ ಬಟನ್ ಒತ್ತಿರುತ್ತಾರೆ. ಕೆಲವರಂತೂ ಫಾರ್ಮ್ಯಾಟ್ ಮಾಡುವುದಕ್ಕೂ ಮೌಂಟ್ ಅಂತಲೇ ಹೇಳುತ್ತಾರೆ. ಈ ಮೂರರಲ್ಲಿ ಯಾವುದೂ ಮೌಂಟ್ ಅಲ್ಲ.

ಹಾಗಂತ ಅವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ರ‍್ಯಾಕ್ ಮೌಂಟ್ ಸರ್ವರ್ ಅನ್ನುವಾಗ ಬಿಗಿದು ಕೂರಿಸುವುದು ಅನ್ನುವ ಅರ್ಥವೇ ಇದೆ. ಡಿಸ್ಕ್ ವಿಷಯದಲ್ಲೂ ಮೊದಲು ಅದೇ ಅರ್ಥ ಇತ್ತು. 1962ರಲ್ಲಿ ಐಬಿಎಂ ಕಂಪನಿ 1311 ಅನ್ನುವ ಡಿಸ್ಕ್ ಡ್ರೈವ್ ತಂದಿತು. ಡ್ರೈವ್ ನೋಡಲಿಕ್ಕೆ ವಾಷಿಂಗ್ ಮಶೀನಿನ ಹಾಗಿತ್ತು, ಮೇಲಿನ ಮುಚ್ಚಳ ತೆಗೆದು ಡಿಸ್ಕ್ ಪ್ಯಾಕ್ ಬದಲಿಸಬಹುದಿತ್ತು. ಒಂದು ಪ್ಯಾಕ್‌ನಲ್ಲಿ 6 ತಟ್ಟೆ, ಸುಮಾರು ನಾಲ್ಕೂವರೆ ಕಿಲೋ ತೂಕ, ಹಿಡಿಸುತ್ತಿದ್ದದ್ದು ಸುಮಾರು 20 ಲಕ್ಷ ಅಕ್ಷರ. ಇಂಥ ಪ್ಯಾಕ್‌ಗಳ ಮತ್ತು ಟೇಪ್‌ಗಳ ಕಾಲದಲ್ಲಿ ಯಾವ ಕೆಲಸಕ್ಕೆ ಯಾವುದು ಬೇಕೋ ಅದನ್ನು ಆಪರೇಟರ್ ಎದ್ದು ಹೋಗಿ, ಕೈಯಲ್ಲಿ ಎತ್ತಿ ಡ್ರೈವ್ ಮೇಲೆ ಕೂರಿಸಬೇಕಿತ್ತು. ಆ ಕೈಕೆಲಸದ ಹೆಸರೇ ಮೌಂಟ್.

ಆದರೆ ಪ್ಯಾಕ್ ಕೂತ ಮಾತ್ರಕ್ಕೆ ಸಿಸ್ಟಮ್‌ಗೆ ಹೇಗೆ ಗೊತ್ತಾಗಬೇಕು? ಯಾರಾದರೂ ಹೇಳಬೇಕಲ್ವಾ? 1971ರ ನವೆಂಬರ್‌ನಲ್ಲಿ ಬಂದ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಮೊದಲ ಕೈಪಿಡಿಯಲ್ಲೇ ಮೌಂಟ್ ಅನ್ನುವ ಕಮಾಂಡ್ ಇದೆ. ಅದರ ಕೆಲಸ ಹೇಳುವುದು ಮಾತ್ರ: ಬದಲಿಸಬಹುದಾದ ಫೈಲ್ ಸಿಸ್ಟಮ್ (ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಒಂದು ಈ ಡಿವೈಸ್ ಮೇಲೆ ಬಂದು ಕೂತಿದೆ, ಇನ್ನು ಮುಂದೆ ಅದನ್ನು ಈ ಫೋಲ್ಡರ್ ಹೆಸರಿನಲ್ಲಿ ತೋರಿಸು. ಮುಂದೆ ಪ್ಯಾಕ್ ಎತ್ತಿಡುವ ಕೆಲಸ ಹೋಯಿತು, ಹೇಳುವ ಕೆಲಸ ಉಳಿಯಿತು. ಹೆಸರು ಮಾತ್ರ ಅದೇ. ಈಗಿನ ಗೊಂದಲದ ಬೇರು ಇಲ್ಲಿದೆ. ಇವತ್ತು ಲಿನಕ್ಸ್ ಸರ್ವರ್‌ನಲ್ಲಿ ಮೌಂಟ್ ಅಂದರೆ ಒಂದು ಫೈಲ್ ಸಿಸ್ಟಮನ್ನು ಒಂದು ಫೋಲ್ಡರ್‌ಗೆ ತಂದು ಸೇರಿಸುವುದು. ಸ್ಕ್ರೂಡ್ರೈವರ್‌ಗೂ ಅದಕ್ಕೂ ಸಂಬಂಧ ಇಲ್ಲ.

ಕೆಲಸದ ಸಾಲು ಹೀಗೆ. ಡಿಸ್ಕ್ ಸಿಗಿಸು, ಪಾರ್ಟಿಷನ್ ಮಾಡು (ಡಿಸ್ಕನ್ನು ಭಾಗ ಮಾಡು), ಅದರ ಮೇಲೆ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಥರದ ಫೈಲ್ ಸಿಸ್ಟಮ್ ಹಾಕು, ಅಂದರೆ ಫಾರ್ಮ್ಯಾಟ್ ಮಾಡು, ಆಮೇಲೆ ಮೌಂಟ್. 4 ಟಿಬಿ ಡಿಸ್ಕ್ ಸಿಗಿಸಿ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟರೆ ಎಸ್‌ಡಿಬಿ ಅನ್ನುವ ಹೆಸರು, ಪಕ್ಕದಲ್ಲಿ 3.6 ಟಿ ಅಂತ ಕಾಣುತ್ತದೆ (ಎಣಿಸುವ ರೀತಿ ಬೇರೆ, ಡಿಸ್ಕ್ ಅದೇ). ಯಾವ ಫೋಲ್ಡರ್‌ಗೆ ಸೇರಿದೆ ಅಂತ ತೋರಿಸುವ ಮೌಂಟ್ ಪಾಯಿಂಟ್ ಕಾಲಂ ಮಾತ್ರ ಖಾಲಿ. ಡಿಎಫ್ ಕೊಟ್ಟರೆ ಅದರ ಸುಳಿವೇ ಇಲ್ಲ. ಎರಡೂ ಕಮಾಂಡ್ ಸರಿಯಾಗಿಯೇ ಹೇಳುತ್ತಿವೆ. ಮೊದಲನೆಯದು ಯಾವ ಡಿಸ್ಕ್ ಇದೆ ಅಂತ ಹೇಳುತ್ತದೆ, ಎರಡನೆಯದು ಯಾವುದು ಮೌಂಟ್ ಆಗಿದೆ ಅಂತ ಹೇಳುತ್ತದೆ.

ಫಾರ್ಮ್ಯಾಟನ್ನು ಮೌಂಟ್ ಅನ್ನುವವರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಸಿಟ್ಟು. ಮೌಂಟ್ ಮಾಡಿದರೆ ಡಿಸ್ಕ್‌ನಲ್ಲಿರುವ ಡೇಟಾ ಅಳಿಯುವುದಿಲ್ಲ, ಫಾರ್ಮ್ಯಾಟ್ ಮಾಡಿದರೆ ಹೋದಂತೆ. ಇನ್ನೊಂದು ಸರ್ವರ್‌ನಿಂದ ಬಿಚ್ಚಿ ತಂದ, ತುಂಬಿದ ಡಿಸ್ಕನ್ನು ‘ಮೌಂಟ್ ಮಾಡಿಬಿಡಿ’ ಅಂತ ಹೇಳಿ, ಕೇಳಿದವರು ಫಾರ್ಮ್ಯಾಟ್ ಮಾಡುವ ಎಂಕೆಎಫ್‌ಎಸ್ ಕಮಾಂಡ್ ಓಡಿಸಿದರೆ ಆಮೇಲೆ ಬ್ಯಾಕಪ್ ಹುಡುಕುತ್ತಾ ಕೂರಬೇಕು.

ಇನ್ನು ಜಾಗದ ವಿಷಯ. ರೂಟ್, ಅಂದರೆ ಸಿಸ್ಟಮ್‌ನ ಮೂಲ ಫೈಲ್ ಸಿಸ್ಟಮ್, ಶೇ. 95 ತುಂಬಿದೆ ಅಂತಿಟ್ಟುಕೊಳ್ಳಿ. ಹೊಸ ಡಿಸ್ಕನ್ನು ಡೇಟಾ ಅನ್ನುವ ಖಾಲಿ ಫೋಲ್ಡರ್‌ಗೆ ಸರಿಯಾಗಿಯೇ ಮೌಂಟ್ ಮಾಡಿದ್ದೀರಿ. ರೂಟ್ ಈಗಲೂ ಶೇ. 95. ಹೊಸ ಜಾಗ ಬಂದಿರುವುದು ಆ ಫೋಲ್ಡರ್ ಒಳಗೆ ಮಾತ್ರ. ಹಳೆಯ ಫೈಲ್‌ಗಳನ್ನು ಅಲ್ಲಿಗೆ ಸಾಗಿಸುವುದು ನಿಮ್ಮ ಕೆಲಸ. ಅದು ಬೇಡ, ಇರುವ ಜಾಗವೇ ಹಿಗ್ಗಬೇಕು ಅಂದರೆ ಹಲವು ಡಿಸ್ಕ್‌ಗಳನ್ನು ಒಂದೇ ಜಾಗವಾಗಿ ಸೇರಿಸುವ ಎಲ್‌ವಿಎಂ ಥರದ ವ್ಯವಸ್ಥೆ ಬೇಕು. ಅದಕ್ಕೆ ಎಕ್ಸ್‌ಟೆಂಡ್ ಅನ್ನುತ್ತಾರೆ. ಒಂದೇ ಫೈಲ್ ಸಿಸ್ಟಮ್ ಎರಡು ಡಿಸ್ಕ್ ಮೇಲೆ ಹರಡಿದಾಗ ಯಾವುದೋ ಒಂದು ಕೆಟ್ಟರೂ ಪೂರ್ತಿ ಫೈಲ್ ಸಿಸ್ಟಮ್‌ಗೆ ಕುತ್ತು, ಅದನ್ನು ಯೋಚಿಸಿಯೇ ಕೈ ಹಾಕಿ.

ಕೆಲವರು ಸಾಗಿಸುವ ಗೋಜೇ ಬೇಡ ಅಂತ, ಡೇಟಾಬೇಸ್ ಫೈಲ್‌ಗಳು ಇರುವ ಫೋಲ್ಡರ್ ಮೇಲೆಯೇ ಹೊಸ ಡಿಸ್ಕ್ ಮೌಂಟ್ ಮಾಡುತ್ತಾರೆ. ಒಳಗೆ ಇಣುಕಿದರೆ ಏನೂ ಇಲ್ಲ, ಇಎಕ್ಸ್‌ಟಿ4 ಆದರೆ ಫಾರ್ಮ್ಯಾಟ್ ಮಾಡುವಾಗ ತಾನಾಗಿ ಬರುವ ಲಾಸ್ಟ್ ಪ್ಲಸ್ ಫೌಂಡ್ ಫೋಲ್ಡರ್ ಒಂದೇ. ‘ಡಿಸ್ಕ್ ನನ್ನ ಡೇಟಾ ನುಂಗಿಬಿಟ್ಟಿತು’ ಅಂತ ಗೋಳು ಶುರು. ಯಾರೂ ನುಂಗಿಲ್ಲ. ಹಳೆಯ ಫೈಲ್‌ಗಳು ಹಳೆಯ ಡಿಸ್ಕ್‌ನಲ್ಲೇ, ಅದೇ ಫೋಲ್ಡರ್‌ನಲ್ಲೇ ಇವೆ. ಮೇಲೊಂದು ಫೈಲ್ ಸಿಸ್ಟಮ್ ಬಂದು ಕೂತಿದ್ದರಿಂದ ಕಾಣುತ್ತಿಲ್ಲ. ಮೌಂಟ್ ತೆಗೆದರೆ ಮತ್ತೆ ಕಾಣುತ್ತವೆ. ತೆಗೆಯದೇ ಬಿಟ್ಟರೆ ಇನ್ನೊಂದು ತಮಾಷೆ: ಡಿಎಫ್ ರೂಟ್ ತುಂಬಿದೆ ಅನ್ನುತ್ತದೆ, ಡಿಯು ಹಾಕಿ ಫೋಲ್ಡರ್ ಫೋಲ್ಡರ್ ಲೆಕ್ಕ ಹಾಕಿದರೆ ಅಷ್ಟು ಆಗುವುದೇ ಇಲ್ಲ. ರೂಟನ್ನು ಬೇರೊಂದು ಖಾಲಿ ಫೋಲ್ಡರ್‌ಗೆ ಬೈಂಡ್ ಮೌಂಟ್ ಮಾಡಿ (ಅಂದರೆ ಅದನ್ನೇ ಇನ್ನೊಂದು ಕಡೆಯೂ ತೋರಿಸುವ ಹಾಗೆ ಮಾಡಿ) ನೋಡಿ. ಅಡಿಯಲ್ಲಿ ಅಡಗಿದ್ದೆಲ್ಲ ಅಲ್ಲಿ ಸಿಗುತ್ತದೆ.

ಇದರ ಉಲ್ಟಾ ಕಥೆ ಇನ್ನೂ ಕೆಟ್ಟದು. ಕೈಯಿಂದ ಮಾಡಿದ ಮೌಂಟ್ ಸರ್ವರ್ ರೀಬೂಟ್ ಆಗುವ ತನಕ ಮಾತ್ರ. ಬೂಟ್ ಆಗುವಾಗ ಏನೇನು ಮೌಂಟ್ ಆಗಬೇಕು ಅನ್ನುವ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಬರೆಯದೇ ಬಿಟ್ಟಿದ್ದೀರಿ, ಸರ್ವರ್ ರೀಬೂಟ್ ಆಯಿತು. ಬ್ಯಾಕಪ್ ಸ್ಕ್ರಿಪ್ಟ್‌ಗೆ ಇದೆಲ್ಲ ಏನು ಗೊತ್ತು? ಫೋಲ್ಡರ್ ಇದೆ, ಬರೆಯುತ್ತದೆ. ಬರೆಯುವುದೆಲ್ಲ ರೂಟ್ ಡಿಸ್ಕ್‌ಗೆ. ಅದು ತುಂಬಿ ಡೇಟಾಬೇಸ್ ನಿಂತಾಗಲೇ ಎಲ್ಲರಿಗೂ ಎಚ್ಚರ ಆಗುವುದು. ಇದಕ್ಕೊಂದು ಹಳೆಯ ಉಪಾಯ ಇದೆ. ಮೌಂಟ್ ಮಾಡುವ ಮೊದಲೇ ಆ ಖಾಲಿ ಫೋಲ್ಡರ್‌ಗೆ ಸಿಎಚ್‌ಆಟ್ರ್ ಕಮಾಂಡಿನಿಂದ ಇಮ್ಯೂಟಬಲ್ (ಬದಲಿಸಲಾಗದ್ದು) ಅನ್ನುವ ಗುರುತು ಹಾಕಿ. ಡಿಸ್ಕ್ ಮೌಂಟ್ ಆಗಿದ್ದರೆ ಬರೆಯಲು ಏನೂ ಅಡ್ಡಿಯಿಲ್ಲ. ಆಗಿಲ್ಲದಿದ್ದರೆ ಸ್ಕ್ರಿಪ್ಟ್ ಎರರ್ ಕೊಟ್ಟು ನಿಲ್ಲುತ್ತದೆ.

ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಬಿ ಅಂತ ಬರೆಯಬೇಡಿ, ಇನ್ನೊಂದು ಡಿಸ್ಕ್ ಬಂದರೆ ಆ ಹೆಸರು ಬದಲಾಗಬಹುದು. ಬಿಎಲ್‌ಕೆಐಡಿ ಕಮಾಂಡ್ ತೋರಿಸುವ ಯುಯುಐಡಿ, ಅಂದರೆ ಆ ಫೈಲ್ ಸಿಸ್ಟಮ್‌ನದೇ ಆದ ಗುರುತು ಸಂಖ್ಯೆ, ಬರೆಯಿರಿ. ಹೆಚ್ಚುವರಿ ಡಿಸ್ಕ್ ಆದ್ದರಿಂದ ನೋಫೇಲ್ (ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲಿಸಬೇಡ) ಅಂತಲೂ ಸೇರಿಸಿ. ಇಲ್ಲದಿದ್ದರೆ ಆ ಡಿಸ್ಕ್ ಕೆಟ್ಟ ದಿನ ಬೂಟ್ ನೋಡಿಕೊಳ್ಳುವ ಸಿಸ್ಟಮ್‌ಡಿ 90 ಸೆಕೆಂಡ್ ಕಾದು, ಸರ್ವರನ್ನು ದುರಸ್ತಿಗಷ್ಟೇ ಇರುವ ಎಮರ್ಜೆನ್ಸಿ ಮೋಡ್‌ಗೆ ತಳ್ಳುತ್ತದೆ. ಬರೆದ ಮೇಲೆ ರೀಬೂಟ್ ಮಾಡಿ ಪರೀಕ್ಷೆ ಮಾಡುವ ಶೂರತನ ಬೇಡ. ಮೌಂಟ್ ಕಮಾಂಡ್‌ಗೆ ಎ ಅನ್ನುವ ಆಪ್ಷನ್ ಕೊಟ್ಟರೆ ಪಟ್ಟಿಯಲ್ಲಿ ಬಾಕಿ ಇರುವುದನ್ನೆಲ್ಲ ಆಗಲೇ ಮೌಂಟ್ ಮಾಡಲು ನೋಡುತ್ತದೆ, ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಉಳಿದದ್ದು ತೆಗೆಯುವ ಕಮಾಂಡ್. ಬಾಯಲ್ಲಿ ಅನ್‌ಮೌಂಟ್, ಟೈಪ್ ಮಾಡುವಾಗ ಯುಮೌಂಟ್. ನಡುವೆ ಎನ್ ಇಲ್ಲ. ‘ಟಾರ್ಗೆಟ್ ಈಸ್ ಬ್ಯುಸಿ’ ಅಂತ ಬಂದರೆ ಡಿಸ್ಕ್ ಹಾಳಾಗಿದೆ ಅಂದುಕೊಳ್ಳಬೇಡಿ. ಎಷ್ಟೋ ಸಲ ನಿಮ್ಮದೇ ಟರ್ಮಿನಲ್ ಆ ಫೋಲ್ಡರ್ ಒಳಗೆ ನಿಂತಿರುತ್ತದೆ. ಫೋಲ್ಡರ್ ಬದಲಿಸುವ ಸಿಡಿ ಕಮಾಂಡ್ ಕೊಟ್ಟು ಹೊರಗೆ ಬನ್ನಿ. ಆಗಲೂ ಬಿಡದಿದ್ದರೆ ಫ್ಯೂಸರ್ ಅಥವಾ ಎಲ್‌ಎಸ್‌ಒಎಫ್ ಕಮಾಂಡ್ ಯಾವ ಪ್ರೋಗ್ರಾಂ ಹಿಡಿದುಕೊಂಡಿದೆ ಅಂತ ತೋರಿಸುತ್ತದೆ. ಸುಮ್ನೆ ಲೇಜಿ ಆಪ್ಷನ್ ಕೊಟ್ಟು ಕಿತ್ತುಹಾಕುವವರಿದ್ದಾರೆ. ಆಗ ಮೌಂಟ್ ಹೆಸರು ಮಾತ್ರ ಮರೆಯಾಗುತ್ತದೆ, ಫೈಲ್ ತೆರೆದಿಟ್ಟುಕೊಂಡ ಪ್ರೋಗ್ರಾಂ ಡಿಸ್ಕ್‌ಗೆ ಬರೆಯುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಟ್ರೇ ಎಳೆಯಬೇಡಿ.