ಟಿಕೆಟ್ ಅಗ್ಗ, ಮೆಟ್ಟಿಲು ಎತ್ತರ

ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಅಳತೆ ಟೇಪು ಇರುತ್ತದೆ. ನಾನು ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಮಂಡಿ ಆಪರೇಷನ್ ಆದವರು, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರು, ಸ್ಟ್ರೋಕ್ ಆಗಿ ಒಂದು ಕಡೆ ಸೋತವರು, ಹೆಚ್ಚುಕಡಿಮೆ ಎಲ್ಲರೂ ಅರವತ್ತೈದು ದಾಟಿದವರೇ. ಟೇಪು ಅವರ ಕಾಲು ಅಳೆಯೋಕಲ್ಲ, ಮೆಟ್ಟಿಲು ಅಳೆಯೋಕೆ.

ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ ಒಬ್ಬ ಅಜ್ಜಿ ಇದ್ದಾರೆ. ಸ್ವಂತ ಮನೆ. ಕೆಳಗಿನ ಮನೆಗೆ ಬಾಡಿಗೆ ಜಾಸ್ತಿ ಬರುತ್ತದೆ ಅಂತ ಅದನ್ನು ಬಾಡಿಗೆಗೆ ಕೊಟ್ಟು ತಾವು ಮೇಲಿದ್ದಾರೆ. ನಮ್ಮೂರಲ್ಲಿ ಎಷ್ಟೋ ಮನೆಗಳ ಕಥೆ ಇದೇ ಅಲ್ವಾ? ಸ್ಟ್ರೋಕ್ ಆದಮೇಲೆ ಅವರ ಎಡಗೈಗೆ ಹಿಡಿತ ಇಲ್ಲ. ಹೊರಗಿನ ಮೆಟ್ಟಿಲಿಗೆ ಕಬ್ಬಿಣದ ಕಂಬಿ ಇರೋದು ಒಂದೇ ಕಡೆ. ಇಳಿಯುವಾಗ ಅದು ಬಲಗೈಗೆ ಸಿಗುತ್ತದೆ, ಹತ್ತುವಾಗ ಎಡಕ್ಕೆ ಬರುತ್ತದೆ. ಅಂದರೆ ಅಜ್ಜಿ ಆರಾಮಾಗಿ ಇಳಿಯಬಲ್ಲರು, ವಾಪಸ್ ಹತ್ತಲಾರರು. ಹಾಗಾಗಿ ಇಳಿಯೋದನ್ನೇ ಬಿಟ್ಟುಬಿಟ್ಟಿದ್ದರು. ಮಗ ಲಿಫ್ಟ್ ಹಾಕಿಸೋಕೆ ಕೊಟೇಶನ್ ತರಿಸುತ್ತಿದ್ದ. ನಾನು ಹೇಳಿದೆ, ಮೊದಲು ವೆಲ್ಡರ್‌ನ ಕರೆಸಿ, ಗೋಡೆ ಕಡೆಗೂ ಒಂದು ಪೈಪು ಹಾಕಿಸಿ ಅಂತ. ಅರ್ಧ ದಿನದ ಕೆಲಸ.

ಕೆಳಗೇನೋ ಬಂದರು. ಆಮೇಲೆ ಬಸ್ಸು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಪುಕ್ಕಟೆ. ಅರವತ್ತು ದಾಟಿದ ಗಂಡಸರಿಗೆ ಗುರುತಿನ ಚೀಟಿ ತೋರಿಸಿದರೆ ಕೆಎಸ್ಆರ್‌ಟಿಸಿಯಲ್ಲಿ ಶೇ. 25 ರಿಯಾಯಿತಿ. ಒಳ್ಳೆಯದೇ, ನಾನೇನೂ ಬೇಡ ಅನ್ನೋದಿಲ್ಲ. ಆದರೆ ಹಳೇ ಮಾದರಿಯ ಬಸ್ಸಿನ ನೆಲ ರಸ್ತೆಯಿಂದ ಸುಮಾರು 900 ಮಿಲಿಮೀಟರ್ ಮೇಲಿರುತ್ತದೆ, ಹೆಚ್ಚುಕಡಿಮೆ ಮೂರಡಿ. ಲೋ ಫ್ಲೋರ್ ಬಸ್ಸಿನಲ್ಲಿ ಅದು 400. ಇವರಿಗೆ ಬೇಕಾಗಿರೋದು ಆ ಅರ್ಧ ಮೀಟರ್ ರಿಯಾಯಿತಿ, ಅದನ್ನು ಕೇಳೋರೇ ಇಲ್ಲ. ಸ್ಟಾಪಿನಲ್ಲಿ ಬಸ್ಸು ಫುಟ್‌ಪಾತಿಗೆ ಒತ್ತಿ ನಿಂತರೆ ಹತ್ತೋ ಎತ್ತರ ಒಂದು ಆರಿಂಚಾದರೂ ಕಡಿಮೆಯಾಗುತ್ತದೆ. ಆದರೆ ನಿಲ್ಲೋದು ನಡು ರಸ್ತೆಯಲ್ಲಿ, ಅಜ್ಜಿ ಫುಟ್‌ಪಾತ್ ಇಳಿದು, ಎರಡು ಸ್ಕೂಟರ್ ತಪ್ಪಿಸಿಕೊಂಡು, ಮೊದಲ ಮೆಟ್ಟಿಲಿಗೆ ಕಾಲು ಎತ್ತೋ ಹೊತ್ತಿಗೆ ಹಿಂದಿನ ಬಾಗಿಲಿಂದ ಸೀಟಿ ಕೇಳಿಸುತ್ತದೆ.

ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಎಲ್ಲರಿಗೂ ಇದನ್ನೇ ಹತ್ತು ಸಲ ಹೇಳಿಸುತ್ತೇನೆ. ಇಳಿಯುವಾಗ ನೋವಿನ ಕಾಲು ಯಾಕೆ ಮೊದಲು ಅಂದರೆ, ಮೈಭಾರ ಹೊತ್ತು ಮಂಡಿ ಮಡಚಬೇಕಾದ್ದು ಮೇಲಿನ ಮೆಟ್ಟಿಲಲ್ಲೇ ಉಳಿದ ಕಾಲು, ಅದು ಗಟ್ಟಿಯದಾಗಿರಲಿ ಅಂತ. ಕಾರಿಗೆ ಮಾತ್ರ ಕಾಲು ಮೊದಲು ಇಡಲೇಬಾರದು. ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ. ನನ್ನ ಕೇಳಿದರೆ ತುಂಬ ಜನಕ್ಕೆ ಕಾರಿಗಿಂತ ಆಟೋನೇ ವಾಸಿ. ಬಾಗಿಲಿಲ್ಲ, ಹಿಡಿಯೋಕೆ ಕಂಬಿ ಇದೆ. ಹಂಪ್ ಮಾತ್ರ ನಿಧಾನ ದಾಟಿಸಪ್ಪ ಅಂತ ಮೊದಲೇ ಹೇಳಬೇಕು. ಮೆಟ್ರೋದಲ್ಲಿ ಲಿಫ್ಟ್ ಇದೆ, ನಿಜ. ಅದು ರಸ್ತೆಯ ಯಾವ ಕಡೆಗಿದೆ ಅಂತ ಮನೆಯವರು ಮೊದಲೇ ಹೋಗಿ ನೋಡಿಕೊಂಡು ಬರಲಿ.

ಈಗ ಮನೆ ವಿಷಯ. "ಅಪ್ಪ ಅಮ್ಮನಿಗೆ ಫ್ಲ್ಯಾಟ್ ನೋಡ್ತಿದೀವಿ, ಗ್ರೌಂಡ್ ಫ್ಲೋರ್ ಸಾಕಲ್ವಾ?" ಅಂತ ಕೇಳುತ್ತಾರೆ. ಸಾಲದು. ಬಚ್ಚಲಿನ ಬಾಗಿಲು ಅಳೆಯಿರಿ. ಎಷ್ಟೋ ಕಡೆ ಎರಡೂವರೆ ಅಡಿ ಇರುತ್ತದೆ, ಚೌಕಟ್ಟು ಕಳೆದರೆ ಇನ್ನೂ ಕಡಿಮೆ, ಗಾಲಿಕುರ್ಚಿಗೆ ಮೂರಡಿ ಬೇಕು. ರ‍್ಯಾಂಪ್ ಇದೆ ಅಂತ ಬಿಲ್ಡರ್ ತೋರಿಸಿದರೆ ಅದನ್ನೂ ಅಳೆಯಿರಿ, ಒಂದಡಿ ಏರೋಕೆ ಹನ್ನೆರಡು ಅಡಿ ಉದ್ದ ಬೇಕು. ಅರ್ಧಕ್ಕರ್ಧ ರ‍್ಯಾಂಪು ಸ್ಕೂಟರ್ ಹತ್ತಿಸೋಕೆ ಮಾಡಿರೋದು.

ಊರಾಚೆಯ ಹಿರಿಯರ ವಸತಿಗಳಿಗೂ ಹೋಗುತ್ತೇನೆ. ಹುಲ್ಲು, ಹೂವು, ದೇವಸ್ಥಾನ, ಎಲ್ಲ ಚೆನ್ನಾಗಿರುತ್ತದೆ. ನೋಡೋಕೆ ಹೋದವರು ಊಟದ ಮೆನು ಕೇಳುತ್ತಾರೆ, ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಗಾಡಿ ಯಾರದು, ಜೊತೆಗೆ ಯಾರು ಬರುತ್ತಾರೆ ಅಂತ ಕೇಳೋದೇ ಇಲ್ಲ. ಹಗಲು ಹೊತ್ತಿನದೂ ಕೇಳಬೇಕು. ಬ್ಯಾಂಕಿಗೆ, ಮದುವೆಗೆ, ಸುಮ್ನೆ ತರಕಾರಿ ತರೋಕೆ, ಯಾರನ್ನೂ ಕೇಳದೆ ಹೊರಗೆ ಹೋಗಿ ಬರೋಕಾಗುತ್ತಾ? ಬಸ್ ಸ್ಟಾಪ್ ಎಷ್ಟು ದೂರ, ನಡುವೆ ಕೂರೋಕೆ ಒಂದು ಕಟ್ಟೆ ಇದೆಯಾ? ಡೆಪಾಸಿಟ್ ಯಾವಾಗ ವಾಪಸ್ ಕೊಡುತ್ತಾರೆ ಅನ್ನೋದು ಬರಹದಲ್ಲಿರಲಿ.

ಇನ್ನೊಂದು. ಇದು ನನ್ನ ಕಸುಬಿನದಲ್ಲ, ಆದರೂ ಮನೆಮನೆಯಲ್ಲಿ ನೋಡಿ ಹೇಳುತ್ತಿದ್ದೇನೆ. ಮಕ್ಕಳ ಹೆಸರಿಗೆ ಮನೆ ದಾನಪತ್ರ ಮಾಡುವವರು, ನೋಡಿಕೊಳ್ಳಬೇಕು ಅನ್ನೋ ಷರತ್ತನ್ನು ಅದರಲ್ಲೇ ಬರೆಸಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ಷರತ್ತು ಮುರಿದರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಅರ್ಜಿ ಉಪವಿಭಾಗಾಧಿಕಾರಿಗೆ. ದಾರಿ ತಿಳಿಯದಿದ್ದರೆ 14567ಕ್ಕೆ ಫೋನ್ ಮಾಡಿ, ಹಿರಿಯರಿಗೇ ಇರುವ ಸಹಾಯವಾಣಿ, ದುಡ್ಡಿಲ್ಲ. ಬೆಂಗಳೂರಿನವರಿಗೆ 1090 ಕೂಡ ಇದೆ.

ಅಜ್ಜಿ ಈಗ ದಿನಾ ಸಂಜೆ ಕೆಳಗಿಳಿದು ಮೂಲೆ ಅಂಗಡಿಗೆ ಹೋಗಿ ಬರುತ್ತಾರೆ. ಬಸ್ಸು ಇನ್ನೂ ಹತ್ತಿಲ್ಲ. ಮೆಟ್ಟಿಲ ಎತ್ತರಕ್ಕೆ ಸರಿಯಾಗಿ ಒಂದು ಮರದ ಮಣೆ ಮಾಡಿಸಿ ವರಾಂಡದಲ್ಲಿ ಇಟ್ಟಿದ್ದೇವೆ. ಕಿಟಕಿ ಸರಳು ಹಿಡಿದು ಹತ್ತೋದು, ಇಳಿಯೋದು. ನಿನ್ನೆ ಎಂಟು ಸಲ ಆಯಿತು.